ಡರ್ಬಿಶೈರ್‌ನ ಹೊಲದಾರಿಯಲ್ಲಿ ಮಕ್ಕಳ ಜೊತೆ

ಇಂಗ್ಲೆಂಡಿಗೆ ಬಂದು ನೆಲೆಸಿದ ನಮ್ಮ ಕಡೆಯ ಕುಟುಂಬಗಳು ಇಲ್ಲಿನ ಹಳ್ಳಿಗಾಡನ್ನು ನೋಡುವುದು ಹೆಚ್ಚಾಗಿ ಕಾರಿನ ಕಿಟಕಿಯಿಂದ. ಕಲ್ಲುಗೋಡೆ, ಕುರಿಮಂದೆ, ಹಸಿರು ಗುಡ್ಡ ಎಲ್ಲವೂ ಕಾಣುತ್ತವೆ. ಇಳಿದು ಒಳಗೆ ಕಾಲಿಡಲು ಮಾತ್ರ ಸಂಕೋಚ. ಗೇಟು ಮುಚ್ಚಿದೆ, ಆಚೆಗಿರುವುದು ಯಾರದೋ ಜಮೀನು, ಯಾರಾದರೂ ಬಂದು ಗದರಿಸಿದರೆ ಮಕ್ಕಳೆದುರು ಮುಜುಗರ. ಡರ್ಬಿ ನಗರಕ್ಕೆ ಬಂದ ಹೊಸದರಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು. ಆ ಸಂಕೋಚವನ್ನು ಕಳೆದದ್ದು ಒಂದು ಕಾಗದದ ನಕ್ಷೆ.

ಆರ್ಡ್ನೆನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ಸರಣಿಯಲ್ಲಿ ಓಎಲ್ 24 ಎಂಬುದು ವೈಟ್ ಪೀಕ್ ಪ್ರದೇಶದ ನಕ್ಷೆ. ಆಶ್‌ಬೋರ್ನ್, ಬೇಕ್‌ವೆಲ್ ಸುತ್ತಲಿನ ಡರ್ಬಿಶೈರ್ ಡೇಲ್ಸ್ ಜಿಲ್ಲೆಯ ಚೆಲುವಾದ ಜಾಗಗಳೆಲ್ಲ ಇದರಲ್ಲಿವೆ. 1:25,000 ಅಳತೆಯದಾದ್ದರಿಂದ ಒಂದೊಂದು ಹೊಲದ ಗೋಡೆಯೂ ಅದರಲ್ಲಿ ಗೆರೆಯಾಗಿ ಮೂಡಿರುತ್ತದೆ. ಗೋಡೆಗಳನ್ನು ದಾಟಿ ಹೋಗುವ ಹಸಿರು ತುಂಡುಗೆರೆಗಳನ್ನು ಗಮನಿಸಿ. ಗಿಡ್ಡ ಗೆರೆಗಳಾದರೆ ಕಾಲುದಾರಿ, ಉದ್ದ ಗೆರೆಗಳಾದರೆ ಕುದುರೆಗೂ ಸೈಕಲ್ಲಿಗೂ ಅವಕಾಶವಿರುವ ದಾರಿ. ನೆಲದ ಮೇಲೆ ಗೇಟಿನ ಕಂಬಕ್ಕೆ ಹೊಡೆದ ಹಳದಿ ಬಾಣ ಮೊದಲನೆಯದರ ಗುರುತು, ನೀಲಿ ಬಾಣ ಎರಡನೆಯದರದು. ಆ ದಾರಿಯಲ್ಲಿ ನಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಜಮೀನು ರೈತನದೇ, ಆದರೆ ಆ ಜಾಡಿನಲ್ಲಿ ನಡೆಯುವ ಹಕ್ಕು ಸಾರ್ವಜನಿಕರದು. ಕೆಲವು ಕಡೆ ದಾರಿ ರೈತನ ಮನೆಯಂಗಳವನ್ನೇ ಹಾದು ಹೋಗುತ್ತದೆ. ಇಂಥ ದಾರಿಗಳು ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ ಸುಮಾರು 2,25,000 ಕಿ.ಮೀ. ಇವೆ.

ಈ ಹಕ್ಕುಗಳ ಹಿಂದೆ ದೊಡ್ಡ ಹೋರಾಟವಿದೆ. ಇದೇ ಪೀಕ್ ಸೀಮೆಯ ಉತ್ತರದಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡವಿದೆ. ಜಮೀನ್ದಾರರು ಬೇಟೆಗಾಗಿ ಕಾದಿಟ್ಟುಕೊಂಡಿದ್ದ ಆ ಬಯಲಿಗೆ 1932ರ ಏಪ್ರಿಲ್ 24ರಂದು ನೂರಾರು ಮಂದಿ ಕಾರ್ಮಿಕ ಯುವಕರು ಬೇಕೆಂದೇ ನುಗ್ಗಿ ನಡೆದರು. ಮುಂದಾಳು ಬೆನ್ನಿ ರಾತ್‌ಮನ್ ಸೇರಿ ಐವರು ಜೈಲು ಸೇರಿದರು. ಕಾಲುದಾರಿಗಳನ್ನು ಅಧಿಕೃತವಾಗಿ ದಾಖಲಿಸುವ ಕಾನೂನು 1949ರಲ್ಲಿ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಮಕ್ಕಳಿಗೆ ನಾನು ಈ ಕಥೆಯನ್ನು ನಡೆಯುತ್ತಲೇ ಹೇಳಿದ್ದೇನೆ. ನಡೆಯುವುದಕ್ಕಾಗಿ ಜೈಲಿಗೆ ಹೋದವರಿದ್ದರು ಎಂಬುದು ಅವರ ಮನಸ್ಸಿನಲ್ಲಿ ನಾಟಿದೆ.

ಹಕ್ಕು ಇದೆ ಎಂದ ಮಾತ್ರಕ್ಕೆ ಎಲ್ಲ ದಾರಿಯೂ ಮಕ್ಕಳಿಗೆ ಹೊಂದುವುದಿಲ್ಲ. ಎಷ್ಟು ಕಿಲೋಮೀಟರ್ ಎಂದು ನೋಡುವ ಮೊದಲು ಎಷ್ಟು ತಡಮೆಗಳಿವೆ ಎಂದು ನೋಡಬೇಕು. ಇಲ್ಲಿನವರು ಸ್ಟೈಲ್ ಎನ್ನುವ ಈ ತಡಮೆಗಳು ಬಗೆಬಗೆಯವು. ಕೆಲವಕ್ಕೆ ಮರದ ಮೆಟ್ಟಿಲು, ಕೆಲವು ಕಡೆ ಗೋಡೆಯಿಂದಲೇ ಚಾಚಿದ ಕಲ್ಲು. ಈ ಸೀಮೆಯ ವಿಶೇಷವೆಂದರೆ ಎರಡು ಚಪ್ಪಡಿಗಳನ್ನು ಎದುರುಬದುರು ನೆಟ್ಟು ನಡುವೆ ಸಂದು ಬಿಟ್ಟಿರುವ ತಡಮೆ. ಮನುಷ್ಯ ಓರೆಯಾಗಿ ನುಸುಳಬಹುದು, ಕೊಬ್ಬಿದ ಕುರಿ ನುಸುಳಲಾರದು. ತೊಡೆ ತಾಗುವ ಎತ್ತರದಲ್ಲಿ ಕಲ್ಲಿನ ಅಂಚು ತಲೆಮಾರುಗಳ ಬಟ್ಟೆ ಉಜ್ಜಿ ಉಜ್ಜಿ ಎಣ್ಣೆ ಸವರಿದಂತೆ ನುಣುಪಾಗಿದೆ. ಹತ್ತಿರದಿಂದ ನೋಡಿದರೆ ಕೆಲವು ಕಲ್ಲುಗಳಲ್ಲಿ ಪುಟ್ಟ ಬಳೆಗಳಂಥ ಉಂಗುರಗಳು ಕಾಣುತ್ತವೆ. ಅವು ಕ್ರೈನಾಯ್ಡ್ ಎಂಬ ಸಮುದ್ರಜೀವಿಗಳ ಪಳೆಯುಳಿಕೆ. ಸುಮಾರು 33 ಕೋಟಿ ವರ್ಷಗಳ ಹಿಂದೆ ಈ ಗುಡ್ಡಗಳೆಲ್ಲ ಬೆಚ್ಚನೆಯ ಆಳವಿಲ್ಲದ ಕಡಲಿನ ತಳವಾಗಿದ್ದವು. ನನ್ನ ಚಿಕ್ಕ ಮಗಳು ಅವನ್ನು ಬೆರಳಿನಿಂದ ತಡವಿ ಎಣಿಸುತ್ತ ನಿಂತರೆ ಹೊರಡಿಸಲು ಸಾಕುಸಾಕಾಗುತ್ತದೆ. ನಾನೂ ಅವಸರಪಡಿಸುವುದನ್ನು ಬಿಟ್ಟಿದ್ದೇನೆ.

ಕೈಗೂಸು, ತಳ್ಳುಗಾಡಿ ಇರುವವರಿಗೆ ಈ ಸಂದುಗಳು ಒಗ್ಗುವುದಿಲ್ಲ. ರಾಷ್ಟ್ರೀಯ ಉದ್ಯಾನದವರು ಅಂಥವರಿಗೆಂದೇ ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಹೆಸರಿನಲ್ಲಿ ತಡಮೆಗಳಿಲ್ಲದ ದಾರಿಗಳನ್ನು ಗುರುತಿಸಿದ್ದಾರೆ. ಮಂಡಿನೋವಿನ ಹಿರಿಯರಿಗೂ ಗಾಲಿಕುರ್ಚಿಯವರಿಗೂ ಇವು ಅನುಕೂಲ.

ನನ್ನನ್ನು ಕೇಳಿದರೆ, ಮೂರು ತಲೆಮಾರು ಒಟ್ಟಿಗೆ ನಡೆಯಲು ಹಳೆಯ ರೈಲುದಾರಿಗಳಷ್ಟು ಒಳ್ಳೆಯ ಜಾಗ ಬೇರೆಯಿಲ್ಲ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ದಾರಿ ಬಹುಮಟ್ಟಿಗೆ ಸಮತಟ್ಟು. ಬೇಕ್‌ವೆಲ್ ಬಳಿಯಿಂದ ಪಶ್ಚಿಮಕ್ಕೆ ಸುಮಾರು 13.5 ಕಿ.ಮೀ. ಸಾಗುವ ಮಾನ್ಸಲ್ ಟ್ರೇಲ್ ಅಂಥದ್ದು. 1863ರಲ್ಲಿ ವೈ ನದಿಯ ಕಣಿವೆಗೆ ಅಡ್ಡಲಾಗಿ ಹೆಡ್‌ಸ್ಟೋನ್ ಸೇತುವೆ ಕಟ್ಟಿದ ಮೇಲೆ ಲೇಖಕ ಜಾನ್ ರಸ್ಕಿನ್, ಕಣಿವೆಯ ಚೆಲುವೇ ಹಾಳಾಯಿತೆಂದು ಸಿಟ್ಟಾಗಿ ಬರೆದ. 1968ರಲ್ಲಿ ರೈಲು ನಿಂತಿತು. ಇಂದು ಜನ ದೂರದೂರದಿಂದ ಬರುವುದು ಅದೇ ಸೇತುವೆಯನ್ನು ನೋಡಲು. ಮಕ್ಕಳಿಗೆ ಮಾತ್ರ ಸೇತುವೆಗಿಂತ ಸುರಂಗಗಳೇ ಪ್ರಿಯ. 2011ರಲ್ಲಿ ದೀಪ ಹಾಕಿಸಿ ಅವನ್ನು ತೆರೆದರು. ಹೆಡ್‌ಸ್ಟೋನ್ ಸುರಂಗ ಅರ್ಧ ಕಿ.ಮೀ.ಗೆ ಹತ್ತಿರ. ಬೇಸಿಗೆಯಲ್ಲೂ ಒಳಗೆ ತಣ್ಣನೆಯ ಗಾಳಿ, ಗೋಡೆಯಿಂದ ತೊಟ್ಟಿಕ್ಕುವ ನೀರು, ಹಳೆಯ ಮಸಿ ಹಿಡಿದ ಕಲ್ಲು. ಅಲ್ಲಿ ಕೂಗದ ಮಗುವನ್ನು ನಾನು ಕಂಡಿಲ್ಲ. ಸೈಕಲ್ಲಿನವರೂ ಓಡಾಡುವುದರಿಂದ ಕೈ ಹಿಡಿದುಕೊಂಡಿರಬೇಕು. ಇನ್ನೊಂದು ಮಾತು: ಮಾನ್ಸಲ್ ಹೆಡ್‌ನಿಂದ ಸೇತುವೆಗೆ ಇಳಿಯುವ ದಾರಿ ಕಡಿದು, ತಳ್ಳುಗಾಡಿಗೆ ಆಗದು. ಹ್ಯಾಸಪ್ ಅಥವಾ ಮಿಲ್ಲರ್ಸ್ ಡೇಲ್‌ನ ಹಳೆಯ ನಿಲ್ದಾಣಗಳಿಂದ ಹೊರಡುವುದೇ ಸರಿ.

ಆಶ್‌ಬೋರ್ನ್ ಕಡೆಯ ಟಿಸ್ಸಿಂಗ್ಟನ್ ಟ್ರೇಲ್ ಕೂಡ ಹೀಗೆಯೇ ರೈಲುದಾರಿ. ಮೇ ತಿಂಗಳ ಹೊತ್ತಿಗೆ, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬಕ್ಕೆ ಟಿಸ್ಸಿಂಗ್ಟನ್ ಹಳ್ಳಿಯಲ್ಲಿ ಬಾವಿಗಳನ್ನು ಸಿಂಗರಿಸುತ್ತಾರೆ. ಹಲಗೆಗೆ ಹಸಿ ಜೇಡಿಮಣ್ಣು ಮೆತ್ತಿ, ಅದರ ಮೇಲೆ ಹೂವಿನ ಎಸಳುಗಳನ್ನು ಒಂದೊಂದಾಗಿ ಒತ್ತಿ ಚಿತ್ರ ಮೂಡಿಸುವ ಕೆಲಸ ಅದು. ನೀರಿನ ಋಣ ನೆನೆಯುವ ಈ ಪದ್ಧತಿಯನ್ನು ಊರಿಂದ ಬಂದಿದ್ದ ನಮ್ಮತ್ತೆ ಬಹಳ ಹೊತ್ತು ನೋಡಿ, ಬಾವಿಗೆ ಕೈ ಮುಗಿದರು.

ಡವ್‌ಡೇಲ್‌ನ ಹೆಸರು ಎಲ್ಲರೂ ಕೇಳಿರುತ್ತಾರೆ. ನದಿಗೆ ಅಡ್ಡಲಾಗಿ ಸಾಲಿಟ್ಟ ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ದಾಟುವುದು ಮಕ್ಕಳಿಗೆ ಹಬ್ಬ. ಬೇಸಿಗೆಯ ಭಾನುವಾರ ವಿಪರೀತ ಜನ, ಬೆಳಿಗ್ಗೆ ಬೇಗ ಹೋದರೆ ಮಾತ್ರ ಚೆನ್ನ. ಜೋರು ಮಳೆಯ ಮರುದಿನ ಬೇಡವೇ ಬೇಡ. ಸವೆದ ಸುಣ್ಣದಕಲ್ಲು ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ.

ಹಳ್ಳಿಯಲ್ಲಿ ಬೆಳೆದ ನಮ್ಮವರು ಇಲ್ಲಿ ಹೆಚ್ಚು ಎಚ್ಚರದಿಂದಿರಬೇಕಾದುದು ದನಗಳ ವಿಷಯದಲ್ಲಿ. ಹಾಸನ ಕಡೆಯವರಾದ ನಮ್ಮ ಮಾವನಿಗೆ ಹಸು ಕಂಡರೆ ಹತ್ತಿರ ಹೋಗಿ ಗಂಗೆದೊಗಲು ತುರಿಸುವುದು ಹುಟ್ಟಿನಿಂದ ಬಂದ ಅಭ್ಯಾಸ. ಇಲ್ಲಿನ ಹೊಲಗಳಲ್ಲಿ ಮೇಯುವವು ಹೆಚ್ಚಾಗಿ ಮಾಂಸಕ್ಕೆ ಸಾಕಿದ ದನ, ಮನುಷ್ಯನ ಕೈ ಹೆಚ್ಚು ಬಳಕೆಯಿಲ್ಲ. ಕರು ಜೊತೆಯಲ್ಲಿದ್ದ ತಾಯಿ ಹಾಯಬಹುದು. ಕರುವಿಗೂ ತಾಯಿಗೂ ನಡುವೆ ಹಾದು ಹೋಗಬಾರದು. ದೂರದಿಂದ ಬಳಸಿಕೊಂಡು, ಮಕ್ಕಳನ್ನು ಓಡಲು ಬಿಡದೆ, ಸದ್ದಿಲ್ಲದೆ ದಾಟಬೇಕು. ಜೊತೆಗೆ ನಾಯಿಯಿದ್ದು ದನ ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಬೇಕು. ವಸಂತದಲ್ಲಿ ಕುರಿಮರಿಗಳ ಕಾಲ, ಎತ್ತಿಕೊಳ್ಳುವ ಆಸೆ ಮಕ್ಕಳಿಗೆ ಸಹಜ. ದೂರದಿಂದ ನೋಡಿ ಸುಮ್ಮನಿರುವುದನ್ನು ಕಲಿಸಬೇಕು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿಯೇ ಬನ್ನಿ.

ಹುಲ್ಲು ಬೆಳೆದ ದಿನಗಳಲ್ಲಿ ಮಕ್ಕಳಿಗೆ ಉದ್ದನೆಯ ಪ್ಯಾಂಟೇ ಹಾಕುತ್ತೇನೆ. ಒಂದು ಕಾರಣ ದಾರಿಯಂಚಿನ ತುರಿಕೆ ಗಿಡ, ಇನ್ನೊಂದು ಉಣ್ಣೆ. ಕ್ಯಾಸನೂರು ಕಾಡಿನ ಕಾಯಿಲೆಯ ಹೆಸರು ಕೇಳಿ ಬೆಳೆದ ಮಲೆನಾಡಿನವರಿಗೆ ಉಣ್ಣೆಯ ಬಗ್ಗೆ ಹೇಳಬೇಕಿಲ್ಲ. ಇಲ್ಲಿನ ಉಣ್ಣೆ ಹರಡುವುದು ಲೈಮ್ ಎಂಬ ಬೇರೆ ರೋಗವನ್ನು, ಅದು ಬ್ಯಾಕ್ಟೀರಿಯಾದಿಂದ ಬರುತ್ತದೆ. ಮನೆಗೆ ಬಂದ ಕೂಡಲೇ ಮೊಣಕಾಲ ಹಿಂಭಾಗ, ಕಂಕುಳು, ಕೂದಲ ಬುಡ ನೋಡಿ, ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ಮೆಲ್ಲನೆ ಎಳೆದು ತೆಗೆಯಬೇಕು. ಕೆಲವು ದಿನ ಬಿಟ್ಟು ಸುತ್ತ ಕೆಂಪು ಹರಡಿದರೆ ವೈದ್ಯರಿಗೆ ತೋರಿಸಿ.

ವೇಗದ ಬಗ್ಗೆ ನೇಸ್ಮಿತ್ ಎಂಬಾತ 1892ರಲ್ಲಿ ಹೇಳಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಗಂಟೆಗೆ 3 ಮೈಲಿ, ಏರು ಇದ್ದರೆ ಇನ್ನಷ್ಟು ಸಮಯ. ಮಕ್ಕಳಿಗೆ ಅದು ಅನ್ವಯಿಸದು. ಗಂಟೆಗೆ 2 ಕಿ.ಮೀ. ಎಂದುಕೊಂಡು ಹೊರಟರೆ ಯಾರೂ ಅಳುವುದಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ ಎಂಬುದೂ ಲೆಕ್ಕದಲ್ಲಿರಲಿ. ಬುತ್ತಿಗೆ ಚಿತ್ರಾನ್ನ, ಚಕ್ಕುಲಿ, ಫ್ಲಾಸ್ಕಿನಲ್ಲಿ ಬಿಸಿ ಹಾಲು ಸಾಕು. ಕಸ ಮಾತ್ರ ನಿಮ್ಮ ಚೀಲದಲ್ಲೇ ಮನೆಗೆ ಬರಲಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಕ್ರಾಮ್‌ಫರ್ಡ್. ಕಾರು ಬೇಡ, ಡರ್ಬಿಯಿಂದ ಮ್ಯಾಟ್ಲಾಕ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಗಿರಣಿ ಹೂಡಿದ ಊರು ಇದು. ಈ ಊರಿರುವ ಕಣಿವೆಯ ಗಿರಣಿಗಳು 2001ರಿಂದ ವಿಶ್ವ ಪರಂಪರೆಯ ತಾಣ. ಗಿರಣಿಯ ಎದುರಿನಿಂದಲೇ ಹಳೆಯ ಕಾಲುವೆಯ ದಂಡೆಯ ದಾರಿ ಶುರುವಾಗಿ ಸುಮಾರು 2 ಕಿ.ಮೀ. ದೂರದ ಹೈ ಪೀಕ್ ಜಂಕ್ಷನ್‌ಗೆ ಕರೆದೊಯ್ಯುತ್ತದೆ. ಏರಿಲ್ಲ, ತಡಮೆಯಿಲ್ಲ, ದಾರಿ ತಪ್ಪುವ ಭಯವಿಲ್ಲ. ಮುಂದಿನ ಸಲ ಊರಿಂದ ಅಪ್ಪ ಅಮ್ಮ ಬಂದಾಗ, ಲಂಡನ್ ತೋರಿಸಿ ಆದ ಮೇಲೆ ಒಂದು ದಿನವನ್ನು ಇದಕ್ಕೂ ಇಡಿ.