ಎಣ್ಣೆಯ ಊರು, ರೇಷ್ಮೆಯ ಊರು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯನ್ನು ಜನರು ‘ಎಣ್ಣೆ ನಗರ’ವೆಂದೂ, ಎಣ್ಣೆ ವ್ಯಾಪಾರದ ಭರಾಟೆಯಿಂದಾಗಿ ‘ಎರಡನೆಯ ಮುಂಬಯಿ’ ಎಂದೂ ಕರೆಯುತ್ತ ಬಂದಿದ್ದಾರೆ. ನೆರೆಯ ಮೊಳಕಾಲ್ಮುರು ರೇಷ್ಮೆ ಸೀರೆಗೆ ಹೆಸರಾದ ಊರು. ಮೊದಲನೆಯ ಹೆಸರು ಜನರ ಬಾಯಲ್ಲಿ ಹುಟ್ಟಿದುದು. ಎರಡನೆಯದು ಕಾನೂನಿನ ಮುದ್ರೆಯನ್ನೂ ಪಡೆದುದು. ಇಂತಹ ಹೆಸರು ಊರಿನ ಉದ್ಯಮವನ್ನು ಕಾಪಾಡಬಲ್ಲುದೆ ಎಂಬುದನ್ನು ನಾವು ವಿಚಾರಿಸೋಣ.

ಚಳ್ಳಕೆರೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಇಂತಹ ಬರಡು ಸೀಮೆಯಲ್ಲಿ ಎಣ್ಣೆಯ ಉದ್ಯಮ ಬೆಳೆದುದು ಹೇಗೆ? ಉತ್ತರವು ನೆಲಗಡಲೆಯ, ಅಂದರೆ ಶೇಂಗಾದ, ಗಿಡದಲ್ಲಿದೆ. ಈ ಗಿಡದ ಹೂವು ಅರಳುವುದು ನೆಲದ ಮೇಲೆ. ಗರ್ಭಧಾರಣೆಯಾದ ಬಳಿಕ ಅಂಡಾಶಯದ ಬುಡವು ಸೂಜಿಯಂತೆ ನೀಳವಾಗಿ ಬೆಳೆದು ಮಣ್ಣಿನೊಳಗೆ ಇಳಿಯುತ್ತದೆ. ಕಾಯಿ ಅಲ್ಲಿಯೇ ಬಲಿಯುತ್ತದೆ. ಆದುದರಿಂದ ಅದಕ್ಕೆ ಸಡಿಲವಾದ ಮಣ್ಣು ಬೇಕು. ಇಲ್ಲಿಯ ಮರಳು ಮಿಶ್ರಿತ ಕೆಂಪು ನೆಲವು ಅದಕ್ಕೆ ಒಗ್ಗುತ್ತದೆ. ಮಳೆಯನ್ನೇ ನಂಬಿದ ರೈತನಿಗೂ ಈ ಬೆಳೆ ಒದಗುತ್ತದೆ.

ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯಿರುತ್ತದೆ. ಗಿರಣಿಯಲ್ಲಿ ಬೀಜವನ್ನು ಬಿಸಿಮಾಡಿದಾಗ ಅದರ ಪ್ರೋಟೀನು ಹೆಪ್ಪುಗಟ್ಟಿ, ಎಣ್ಣೆಯ ಸಣ್ಣ ಹನಿಗಳು ಒಂದುಗೂಡುತ್ತವೆ. ತಿರುಪಿನ ಯಂತ್ರವು ಒತ್ತಿದೊಡನೆ ಎಣ್ಣೆ ಸುಲಭವಾಗಿ ಹೊರಹರಿಯುತ್ತದೆ. ಉಳಿದ ಹಿಂಡಿ ದನಗಳ ಆಹಾರ.

1994ರಲ್ಲಿ ಭಾರತವು ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಮಾರುಕಟ್ಟೆಯನ್ನು ತುಂಬಿತು. ಇತ್ತ ಮಳೆಯೂ ಪದೇ ಪದೇ ಕೈಕೊಟ್ಟಿತು. ಚಳ್ಳಕೆರೆಯ ಅನೇಕ ಗಿರಣಿಗಳು ಮುಚ್ಚಿದವು. ಊರಿನ ಹೆಸರನ್ನು ಯಾರೂ ಕದಿಯಲಿಲ್ಲ, ಹೋದುದು ಮಾರುಕಟ್ಟೆ.

ಮೊಳಕಾಲ್ಮುರಿನ ಸಂಗತಿ ಬೇರೆ. ಹೂವು, ಹಣ್ಣು, ಪ್ರಾಣಿಗಳ ಚಿತ್ತಾರವುಳ್ಳ ಅಲ್ಲಿಯ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. 1999ರ ಕಾಯಿದೆಯಂತೆ, ಒಂದು ವಸ್ತುವಿನ ಗುಣವಾಗಲಿ ಕೀರ್ತಿಯಾಗಲಿ ಅದು ಹುಟ್ಟಿದ ಸ್ಥಳಕ್ಕೆ ಸಂಬಂಧಿಸಿದ್ದರೆ ಆ ಹೆಸರನ್ನು ನೋಂದಾಯಿಸಬಹುದು. ಬೇರೆಡೆ ನೇಯ್ದ ಸೀರೆಯನ್ನು ಆ ಹೆಸರಿನಿಂದ ಮಾರುವುದು ಅಪರಾಧ. ನೋಂದಣಿಯು 10 ವರ್ಷ ಸಿಂಧುವಾಗಿರುತ್ತದೆ, ಮತ್ತೆ ನವೀಕರಿಸಬೇಕು.

ಆದರೆ ಈ ರಕ್ಷಣೆಯ ಮೇರೆಯನ್ನೂ ನಾವು ಅರಿಯಬೇಕು. ಕಾನೂನು ನಕಲಿ ಸೀರೆಯನ್ನು ತಡೆಯಬಲ್ಲುದು. ಅಸಲಿಗೆ ಕೊಳ್ಳುವವರನ್ನು ತರಲಾರದು, ನೇಕಾರನ ಮಗನನ್ನು ಮಗ್ಗದ ಮುಂದೆ ಕೂರಿಸಲಾರದು. ನೇಯುವ ಕೈಗೆ ತಕ್ಕ ಕೂಲಿ ದೊರೆತಾಗ ಮಾತ್ರ ಆ ಹೆಸರಿಗೊಂದು ಸೀರೆ ಉಳಿದೀತು.