ಮರದ ದೋಣಿಯ ಬಣ್ಣವೂ ಮನೆಮಂದಿಯ ಆರೋಗ್ಯವೂ

ಚಳಿಗಾಲದ ಮುಂಜಾನೆ ದೆಹಲಿಯ ನಿಗಮಬೋಧ ಘಾಟಿನ ನೆರೆಯ ಯಮುನಾ ದಂಡೆಗೆ ಹೋದವರು ಅಲ್ಲಿ ಬಣ್ಣ ಬಳಿದ ಮರದ ದೋಣಿಗಳನ್ನು ಕಂಡಿರಬಹುದು. ಮಲ್ಪೆ, ಗಂಗೊಳ್ಳಿ, ಕಾರವಾರಗಳಿಂದ ಬಂದು ಇಲ್ಲಿ ನೆಲಸಿದವರಿಗೆ ಅವು ಊರಿನ ಕಡಲತೀರವನ್ನು ನೆನಪಿಗೆ ತರುತ್ತವೆ. ಆದರೆ ಹೊಳೆಯ ದೋಣಿಗೂ ಕಡಲ ದೋಣಿಗೂ ಒಂದೇ ಬಣ್ಣ ಸಲ್ಲದು. ನಮ್ಮಲ್ಲಿ ದೋಣಿಯುಳ್ಳವರು ವಿರಳವೆಂಬುದು ನಿಜ. ಆದರೂ ದೋಣಿಗೆ ಬಣ್ಣ ಹಚ್ಚುವಾಗ ವಹಿಸಬೇಕಾದ ಎಚ್ಚರಿಕೆಯು ನಮ್ಮ ಮನೆಗಳ ಬಾಗಿಲು, ಕಿಟಕಿ, ತೊಟ್ಟಿಲುಗಳಿಗೂ ಅನ್ವಯಿಸುತ್ತದೆ.

ಬಣ್ಣದ ಆಯ್ಕೆ

ಕಡಲ ನೀರಿನಲ್ಲಿ ಮರವನ್ನು ಕೊರೆಯುವ ಜೀವಿಗಳಿವೆ. ದೋಣಿಯ ತಳಕ್ಕೆ ಅಂಟಿ ಬೆಳೆಯುವ ಚಿಪ್ಪುಜೀವಿಗಳೂ ಇವೆ. ಇವನ್ನು ತಡೆಯಲು ಪಶ್ಚಿಮ ಕರಾವಳಿಯ ಬೆಸ್ತರು ಮೀನೆಣ್ಣೆಯನ್ನೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಲೇಪಿಸುತ್ತಿದ್ದರು. ಸಿಪ್ಪೆಯ ಎಣ್ಣೆ ಮೈಗೆ ತಗುಲಿದರೆ ಸುಟ್ಟಂತೆ ಗುಳ್ಳೆಗಳೇಳುತ್ತವೆ. ಕಾರ್ಖಾನೆಯ ಬಣ್ಣಗಳಲ್ಲಿ ಇದೇ ಕೆಲಸಕ್ಕೆ ತಾಮ್ರದ ಆಕ್ಸೈಡನ್ನು ಬೆರೆಸುತ್ತಾರೆ. 1960ರ ದಶಕದಿಂದ ಬಳಕೆಗೆ ಬಂದ ಟ್ರೈಬ್ಯುಟೈಲ್ ಟಿನ್ ಎಂಬ ವಿಷವು ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯ ಸಿಂಪಿಗಳನ್ನು ವಿರೂಪಗೊಳಿಸಿತು. ಆ ದೇಶವು 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರ ಅಂತರರಾಷ್ಟ್ರೀಯ ಒಪ್ಪಂದವು 2008ರಲ್ಲಿ ಜಾರಿಗೆ ಬಂದಿತು.

ಯಮುನೆಯ ಸಿಹಿನೀರಿನಲ್ಲಿ ಕಡಲಿನ ಈ ಶತ್ರುಗಳಿಲ್ಲ. ಇಲ್ಲಿ ಬಿಸಿಲು ಮತ್ತು ತೇವಗಳಿಂದ ಮರವನ್ನು ಕಾಯುವ ಉತ್ತಮ ಪ್ರೈಮರ್ ಮತ್ತು ಹೊರಾಂಗಣದ ಎನಾಮಲ್ ಸಾಕು. ಅಗತ್ಯವಿಲ್ಲದೆಡೆ ವಿಷವನ್ನು ಬಳಸದಿರುವುದೇ ಆಯ್ಕೆಯ ಮೊದಲ ನಿಯಮ.

ಸೀಸದ ಅಪಾಯ

ಹಳೆಯ ಬಣ್ಣಗಳಲ್ಲಿ ಹೊಳಪಿಗೂ ಬಾಳಿಕೆಗೂ ಸೀಸವನ್ನು ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ 2016ರ ನಿಯಮದಂತೆ, 2017ರ ನವೆಂಬರ್ 1ರಿಂದ, ಗೃಹೋಪಯೋಗಿ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಗಳಲ್ಲಿ 90 ಭಾಗಗಳನ್ನು ಮೀರುವಂತಿಲ್ಲ. ಆದರೆ ಕೈಗಾರಿಕಾ ಬಣ್ಣಗಳು ಆ ನಿಯಮದ ಹೊರಗಿವೆ. ಮೊದಲೇ ಬಳಿದ ಪದರಗಳಂತೂ ಮರದ ಮೇಲೆ ಹಾಗೆಯೇ ಉಳಿದಿವೆ. ಆದುದರಿಂದ ಹೊಸ ಡಬ್ಬಿಯನ್ನು ಕೊಳ್ಳುವಾಗ ಸೀಸದ ಮಿತಿಯನ್ನು ಕುರಿತ ಮುದ್ರಿತ ಒಕ್ಕಣೆಯನ್ನು ನೋಡತಕ್ಕದ್ದು.

ಸೀಸಕ್ಕೆ ನಿರಪಾಯವಾದ ಪ್ರಮಾಣವೆಂಬುದು ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳಬಲ್ಲದು. ಅದು ಬುದ್ಧಿಶಕ್ತಿಯನ್ನೂ ಏಕಾಗ್ರತೆಯನ್ನೂ ಕುಂದಿಸುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆಗಳಿಗೆ ಕಾರಣವಾಗುತ್ತದೆ. ತಾಯಿಯ ಎಲುಬಿನಲ್ಲಿ ಅಡಗಿದ ಸೀಸವು ಬಸಿರಿನಲ್ಲಿ ಹೊರಬಂದು ಶಿಶುವನ್ನು ಸೇರುತ್ತದೆ.

ಹಚ್ಚುವ ಕ್ರಮ

1. ಅತಿ ಅಪಾಯದ ಘಟ್ಟವೆಂದರೆ ಹಳೆಯ ಬಣ್ಣವನ್ನು ಕೆರೆಯುವುದು. ಒಣಗಿದ್ದಂತೆಯೇ ಉಜ್ಜಬಾರದು, ಬೆಂಕಿಯಿಂದ ಸುಡಲೂಬಾರದು. ನೀರು ಚಿಮುಕಿಸಿ, ನೀರಿಗೆ ತಡೆಯುವ ಉಜ್ಜುಕಾಗದದಿಂದ ತಿಕ್ಕಬೇಕು. ಸೂಕ್ಷ್ಮ ಧೂಳನ್ನು ತಡೆಯುವ ಮುಖಕವಚ ಅವಶ್ಯ. ಬಟ್ಟೆಯ ಕರವಸ್ತ್ರ ಸಾಲದು.

2. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಬೇಕು. ಕೆಳಗೆ ಹಾಸಿದ ಹಾಳೆಯಲ್ಲಿ ಪುಡಿಯನ್ನು ಕಟ್ಟಿಡಬೇಕು, ಹೊಳೆಗೆ ಚೆಲ್ಲಬಾರದು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

3. ಮರವು ಚೆನ್ನಾಗಿ ಒಣಗಿರಬೇಕು. ದೆಹಲಿಯಲ್ಲಿ ಮಳೆಗಾಲ ತರವಲ್ಲ. ಮೇ-ಜೂನ್ ತಿಂಗಳ ಉರಿಬಿಸಿಲಿನಲ್ಲಿ ಬಣ್ಣವು ಬೇಗ ಒಣಗಿ ಗುಳ್ಳೆ ಕಟ್ಟುತ್ತದೆ. ದಸರೆಯ ಆಸುಪಾಸು ಅಥವಾ ಫೆಬ್ರವರಿ-ಮಾರ್ಚ್ ಪ್ರಶಸ್ತ.

4. ಹಲಗೆಗಳ ಸಂದಿಗೆ ಮೃದುವಾದ ಪೂರಕವನ್ನೇ ತುಂಬಬೇಕು. ನೀರಿಗಿಳಿದ ಮೇಲೆ ಹಲಗೆ ಹಿಗ್ಗುವುದರಿಂದ ಗಟ್ಟಿಯಾದುದು ಬಿರಿದುಹೋಗುತ್ತದೆ. ಅನಂತರ ಪ್ರೈಮರ್, ಅದರ ಮೇಲೆ ಎರಡು ಮೂರು ತೆಳುವಾದ ಲೇಪಗಳು. ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಹಲಗೆಯ ಕೊಯ್ದ ತುದಿಗಳು ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿ ವಿಶೇಷ ಗಮನವಿರಲಿ.

5. ಟರ್ಪೆಂಟೈನಿನ ಆವಿಯಿಂದ ತಲೆಸುತ್ತು ಬರುವುದರಿಂದ ಮನೆಯೊಳಗಾದರೆ ಕಿಟಕಿಗಳನ್ನು ತೆರೆದಿಡಬೇಕು. ಅದರಿಂದ ಕೈ ತೊಳೆಯಬಾರದು. ಅಗಸೆ ಎಣ್ಣೆ ಒರೆಸಿದ ಚಿಂದಿಯನ್ನು ಮುದುರಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ನೀರಿನಲ್ಲಿ ನೆನೆಸಿಡಬೇಕು.

ದೀಪಾವಳಿಗೆ ಮುನ್ನ ಬಣ್ಣದವನನ್ನು ಕರೆಸುವ ಗೃಹಸ್ಥರು ದರವನ್ನು ಕೇಳುವಂತೆಯೇ, ಹಳೆಯ ಬಣ್ಣವನ್ನು ಹೇಗೆ ಕೆರೆಯುವಿರೆಂದೂ ಕೇಳಲಿ. ಅವನಿಗೊಂದು ಮುಖಕವಚವನ್ನು ತಾವೇ ಕೊಡಿಸಲಿ. ಮನೆಯಲ್ಲಿ ಅಂಬೆಗಾಲಿಡುವ ಕೂಸು ಇದ್ದು, ಕಿಟಕಿಯ ಬಣ್ಣ ಉದುರುತ್ತಿದ್ದರೆ, ವೈದ್ಯರ ಸಲಹೆ ಪಡೆದು ರಕ್ತದಲ್ಲಿನ ಸೀಸವನ್ನು ಪರೀಕ್ಷಿಸಿಕೊಳ್ಳುವುದು ಲೇಸು.