ಗ್ರೀಕ್ ಕಂಚಿನಿಂದ ಶಾತವಾಹನರ ಸೀಸದವರೆಗೆ: ನಾಣ್ಯಶಾಸ್ತ್ರ ಟಿಪ್ಪಣಿ

ಗ್ರೀಕರಲ್ಲಿ ಬೆಳ್ಳಿ ದೊಡ್ಡ ವ್ಯವಹಾರಕ್ಕೆ, ಕಂಚು ಸಂತೆಯ ಚಿಲ್ಲರೆಗೆ. ಗೂಬೆ ಅಥೆನ್ಸಿನ ಗುರುತು, ರೆಕ್ಕೆಯ ಕುದುರೆ ಕೊರಿಂಥ್‌ನದು. ಅಷ್ಟು ಸಾಕು, ಪರೀಕ್ಷೆಗೆ ಹೆಚ್ಚು ಬೇಕಾದ್ದು ಇಂಡೋ-ಗ್ರೀಕ್ ನಾಣ್ಯಗಳು.

ಮೆನಾಂಡರ್‌ನ (ಕ್ರಿ.ಪೂ. 2ನೇ ಶತಮಾನ, 'ಮಿಲಿಂದಪನ್ಹ'ದ ಮಿಲಿಂದ) ಚೌಕಾಕಾರದ ಕಂಚಿನ ಬಿಲ್ಲೆಯೊಂದನ್ನು ನೋಡಿ. ಒಂದು ಮುಖದಲ್ಲಿ ಗಂಟೆ ಕಟ್ಟಿದ ಆನೆಯ ತಲೆ, ಸುತ್ತ ಗ್ರೀಕ್ ಅಕ್ಷರ. ತಿರುಗಿಸಿದರೆ ಹೆರಾಕ್ಲಿಸ್‌ನ ಗದೆ, ಖರೋಷ್ಠಿ ಲಿಪಿಯಲ್ಲಿ 'ಮಹರಜಸ ತ್ರತರಸ ಮೆನಂದ್ರಸ'. ತ್ರತರ ಎಂದರೆ ಕಾಪಾಡುವವ, ಗ್ರೀಕಿನ 'ಸೋಟೆರ್'. ಇಂಥ ದ್ವಿಭಾಷಾ ನಾಣ್ಯಗಳೇ ಖರೋಷ್ಠಿ ಓದಲು ಜೇಮ್ಸ್ ಪ್ರಿನ್ಸೆಪ್‌ಗೆ ಕೀಲಿಕೈ. ಮೆನಾಂಡರ್‌ನದೇ ಎಂಟು ಅರಗಳ ಚಕ್ರದ ನಾಣ್ಯವನ್ನು ಬೌದ್ಧ ಧರ್ಮಚಕ್ರವೆಂದು ಕಣ್ಣುಮುಚ್ಚಿ ಬರೆಯಬೇಡಿ, ವಿದ್ವಾಂಸರಲ್ಲಿ ಒಮ್ಮತವಿಲ್ಲ.

ದಖನ್ನಿನಲ್ಲಿ ಶಾತವಾಹನರದು ಹೆಚ್ಚಾಗಿ ಸೀಸ, ಪೋಟಿನ್ (ಮಿಶ್ರಲೋಹ). ಚಿಹ್ನೆಗಳು: ಆನೆ, ಸಿಂಹ, ಎರಡು ಕೂವೆಮರದ ಹಡಗು, ನಾಲ್ಕು ವೃತ್ತಗಳ ಉಜ್ಜಯಿನಿ ಚಿಹ್ನೆ. ಹಡಗೆಂದರೆ ಸಮುದ್ರ ವ್ಯಾಪಾರ. ನೆಲೆಗಳು: ತೆಲಂಗಾಣದ ಕೋಟಿಲಿಂಗಾಲ, ಕೊಂಡಾಪುರ; ಚಿತ್ರದುರ್ಗದ ಚಂದ್ರವಳ್ಳಿ (1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ; ರೋಮನ್ ನಾಣ್ಯಗಳೂ ಸಿಕ್ಕ ಜಾಗ).

ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಓದುತ್ತಿರುವ ಕನ್ನಡದ ಅಭ್ಯರ್ಥಿಗಳು ಮೆಟ್ರೋ ಹತ್ತಿ ಅಸೆಂಬ್ಲಿ ನಿಲ್ದಾಣದಲ್ಲಿ ಇಳಿದರೆ ಪಬ್ಲಿಕ್ ಗಾರ್ಡನ್ಸ್‌ನ ರಾಜ್ಯ ವಸ್ತುಸಂಗ್ರಹಾಲಯ ಹತ್ತಿರ. ಪುಸ್ತಕದ ಚಿತ್ರಕ್ಕಿಂತ ಗಾಜಿನ ಹಿಂದಿನ ಬಿಲ್ಲೆ ಬೇಗ ತಲೆಗೆ ಹತ್ತುತ್ತದೆ.

ಸಂಗ್ರಹದ ಹುಚ್ಚಿದ್ದವರಿಗೂ ಅಂಕ ತರುವ ಮಾತು: 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿ ಮೀರಿದ ನಿಧಿಯನ್ನು ಕಲೆಕ್ಟರ್‌ಗೆ ತಿಳಿಸಬೇಕು, 1972ರ ಪುರಾವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತು, ಖಾಸಗಿಯಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ.